ವಾಪಸು ಕೊಡಲು ಕಾರಣ

ಹಾಸನದಿಂದ ಹೊಳೆನರಸೀಪುರಕ್ಕೆ ಹೋಗುವ ರಸ್ತೆಯ ಮಗ್ಗುಲಲ್ಲಿ ಅನಾಥ ನಾಯಿಗಳ ಆಶ್ರಯಧಾಮವೊಂದಿದೆ. ಅಲ್ಲಿ ಮಲ್ಲಿಗಮ್ಮನೇ ಅಡುಗೆಯವಳು, ಅವಳೇ ದಾದಿ, ಜಗಳ ಬಿಡಿಸುವ ಯಜಮಾನಿಯೂ ಅವಳೇ. ವಯಸ್ಸು ಐವತ್ನಾಲ್ಕು. ಇದಕ್ಕೂ ಮುಂಚೆ ಇಪ್ಪತ್ತು ವರ್ಷ ರಾಮನಾಥಪುರದ ಕಡೆ ಹೊಗೆಸೊಪ್ಪು ವಿಂಗಡಿಸಿದವಳು. ಎಲೆ ಮುಟ್ಟಿದರೆ ಸಾಕು, ಯಾವ ದರ್ಜೆ ಅಂತ ಕಣ್ಣು ಮುಚ್ಚಿಕೊಂಡು ಹೇಳುತ್ತಿದ್ದಳು. ಕೆಮ್ಮು ಹತ್ತಿದ ಮೇಲೆ ಡಾಕ್ಟರು ಆ ಕೆಲಸ ಬಿಡಿಸಿದರು. ಎಲೆ ವಿಂಗಡಿಸಿದಷ್ಟು ಸಲೀಸಾಗಿ ಮನುಷ್ಯರನ್ನು ವಿಂಗಡಿಸಲು ಅವಳಿಗೆ ಬರಲಿಲ್ಲ. ಬಂದಿದ್ದರೆ ಅರದಿಯನ್ನು ಎರಡೆರಡು ಸಲ ಕಂಡವರ ಕೈಗೆ ಕೊಡುತ್ತಿರಲಿಲ್ಲ.

ಅರದಿ ಒಂದು ಕಂದು ಬಣ್ಣದ ನಾಯಿ. ಹರದನಹಳ್ಳಿಯಲ್ಲಿ, ಮಲ್ಲಿಗಮ್ಮನ ಬಾಯಲ್ಲಿ ಅರದನಳ್ಳಿಯಲ್ಲಿ, ಸಿಕ್ಕಿತು, ಅದಕ್ಕೇ ಅರದಿ. ಹೆಸರಿಡಲು ಪಂಚಾಂಗ ನೋಡುವಷ್ಟು ಪುರುಸೊತ್ತು ಮಲ್ಲಿಗಮ್ಮನಿಗೆಲ್ಲಿ? ಆದರೆ ಬಾಯಿ ಅಂದರೆ ಬಾಯಿ ಅದರದು. ಬೆಳಿಗ್ಗೆ ಹಾಲಿನ ವ್ಯಾನು ತಿರುವಿಗೆ ಬರುವ ಮೊದಲೇ ಬೊಗಳಿ ಸುತ್ತಲಿನವರಿಗೆಲ್ಲ ಸುದ್ದಿ ಮುಟ್ಟಿಸುತ್ತಿತ್ತು.

ಮೊದಲು ಚನ್ನರಾಯಪಟ್ಟಣದ ಒಂದು ಮನೆಯವರು ಒಯ್ದರು. ಸೋಫಾ ಹರಿಯಿತು ಅಂತ ಹತ್ತೇ ದಿನಕ್ಕೆ ತಂದು ಬಿಟ್ಟರು. ಅರದಿ ಎರಡು ದಿನ ಅನ್ನ ಮುಟ್ಟಲಿಲ್ಲ. ಮೂರನೆಯ ದಿನ ತಿಂದಿತು, ನಾಲ್ಕನೆಯ ದಿನ ಹಾಲಿನ ವ್ಯಾನಿಗೆ ಬೊಗಳಿತು. ಗಟ್ಟಿ ಜೀವ, ಬದುಕಿಕೊಂಡಿತು ಅಂದುಕೊಂಡಳು ಮಲ್ಲಿಗಮ್ಮ.

ಎರಡನೆಯ ಸಲ ಒಯ್ದವರು ಗಿರಿಧರ ಮೇಷ್ಟ್ರು. ರುದ್ರಪಟ್ಟಣದವರು, ಹಾಸನದಲ್ಲಿ ಮಕ್ಕಳಿಗೆ ಸಂಗೀತ ಹೇಳಿಕೊಡುತ್ತಾರೆ. ನಾಲ್ಕು ತಿಂಗಳು ಚೆನ್ನಾಗಿಯೇ ನೋಡಿಕೊಂಡರು, ಸುಳ್ಳು ಹೇಳಬಾರದು. ಆಮೇಲೊಂದು ದಿನ ಆಟೋದಲ್ಲಿ ಕೂರಿಸಿಕೊಂಡು ಬಂದೇಬಿಟ್ಟರು. ಶ್ರುತಿಪೆಟ್ಟಿಗೆ ಹಾಕಿದ ಕೂಡಲೇ ನಾಯಿ ಕತ್ತೆತ್ತಿ ಊ ಅಂತ ಶುರುಮಾಡುತ್ತದಂತೆ.

"ನೋಡಿಮ್ಮಾ, ಗದರಿಸಿದ್ದೂ ಆಯ್ತು, ಹೊರಗೆ ಕಟ್ಟಿದ್ದೂ ಆಯ್ತು. ಮಕ್ಕಳ ಪಾಠ ಕೆಡುತ್ತೆ."

"ಮನೆಯೋರೆಲ್ಲ ರಾಗ ತೆಗೀತಾವ್ರೆ, ನಾನೂ ಈ ಮನೆಯೋಳೇ ಅಲ್ವಾ ಅಂತ ಅದೂ ತೆಗೀತು ಸಾ. ಅದ್ನ ತೆಪ್ಪು ಅಂದ್ರೆ ಎಂಗೆ?"

ಮೇಷ್ಟ್ರು ಬಟ್ಟಲು, ಕತ್ತಿನ ಪಟ್ಟಿ, ಲಸಿಕೆಯ ಚೀಟಿ ಎಲ್ಲವನ್ನೂ ಮೇಜಿನ ಮೇಲಿಟ್ಟು, "ಕೊಟ್ಟಿದ್ದೆಲ್ಲ ಇದೆ, ನೋಡ್ಕೊಳ್ಳಿ" ಅಂದು ಆಟೋ ಹತ್ತಿದರು. ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ ಅನ್ನುವುದು ಸುಮ್ಮನೆ ಹುಟ್ಟಿದ ಮಾತಲ್ಲ.

ಮೇಷ್ಟ್ರು ಎಲ್ಲವನ್ನೂ ತಂದಿರಲಿಲ್ಲ. ಅರದಿಯ ದನಿಯೇ ಬಂದಿರಲಿಲ್ಲ. ಅದು ಅನ್ನ ತಿಂದಿತು, ಬಾಲವನ್ನೂ ಆಡಿಸಿತು. ಹಾಲಿನ ವ್ಯಾನು ಬಂದಾಗ ಎದ್ದು ಬಾಯಿ ತೆರೆಯುತ್ತಿತ್ತು, ಮರುಗಳಿಗೆಗೆ ಮುಚ್ಚಿಕೊಂಡು ಮೂಲೆಗೆ ಹೋಗುತ್ತಿತ್ತು. ಒಂದು ತಿಂಗಳು ಕಳೆಯಿತು, ಎರಡಾಯಿತು. ಪಶುವೈದ್ಯರು ಗಂಟಲು ನೋಡಿ ರೋಗವೇನಿಲ್ಲ ಅಂದರು. ಇಲ್ಲವೆಂದು ಮಲ್ಲಿಗಮ್ಮನಿಗೂ ಗೊತ್ತಿತ್ತು. ಬಾಯಿ ಬಿಟ್ಟರೆ ಮನೆ ಹೋಗುತ್ತದೆ ಅನ್ನುವ ಪಾಠವನ್ನು ಅದು ಚೆನ್ನಾಗಿ ಕಲಿತು ಬಂದಿತ್ತು.

ದತ್ತು ಪುಸ್ತಕದಲ್ಲಿ 'ವಾಪಸು ಕೊಡಲು ಕಾರಣ' ಅಂತ ಒಂದು ಕಲಮಿತ್ತು. ನಾಯಿ ತಿರುಗಿ ಬಂದಾಗ ತುಂಬುವಂಥದ್ದು. ಮಲ್ಲಿಗಮ್ಮ ಅದನ್ನು ನಾಯಿ ಒಯ್ಯುವವರ ಕೈಯಲ್ಲಿ ಮೊದಲೇ ತುಂಬಿಸತೊಡಗಿದಳು. ಯಾವ ಕಾರಣಕ್ಕೆ ತಂದು ಬಿಡುತ್ತೀರೋ ಈಗಲೇ ಬರೆಯಿರಿ, ಆಮೇಲೆ ನಾಯಿ ಮುಟ್ಟಿ! ಕೆಲವರು ನಕ್ಕು 'ಯಾವ ಕಾರಣಕ್ಕೂ ಇಲ್ಲ' ಎಂದು ಬರೆದು ಒಯ್ದರು. ಕೆಲವರು ಪೆನ್ನು ಕೆಳಗಿಟ್ಟು ಬಂದ ದಾರಿ ಹಿಡಿದರು.

ಧಾಮದ ಅಧ್ಯಕ್ಷೆ ಅನಸೂಯಮ್ಮನವರಿಗೆ ತಲೆ ಕೆಟ್ಟಿತು. "ಮದುವೆ ಮನೇಲಿ ತಿಥಿ ಮಾತಾಡ್ತಾರೇನೆ? ಬರೋರೂ ಓಡಿಹೋಗ್ತಾರೆ."

"ಓಗ್ಲಿ ಬುಡಿ ಅಮ್ಮೋರೇ. ಕರ್ಕೊಂಡೋಗಿ ತಂದು ಬುಡೋರ್ಗಿಂತ ಓಡೋಗೋರೇ ವಾಸಿ."

ಸಿಟ್ಟಾದ ಅನಸೂಯಮ್ಮನವರು ಮರುವಾರ ತಾವೇ ಒಬ್ಬರನ್ನು ಕರೆತಂದರು. ದಿಲೀಪ್ ಅಂತ, ಹಾಸನದ ಹೊಸ ಅಪಾರ್ಟ್‌ಮೆಂಟಿನಲ್ಲಿ ಮನೆ. ಸದ್ದಾದರೆ ಅಕ್ಕಪಕ್ಕದವರು ತಕರಾರು ಮಾಡುತ್ತಾರೆ. ಇಲ್ಲೊಂದು ಬೊಗಳದ ನಾಯಿ ಇದೆಯಂತಲ್ಲ, ಅದೇ ಬೇಕು ಅಂದ. ಅರದಿ ಅವನ ಕೈ ಮೂಸಿತು. ಅವನು ಕೆಳಗೆ ಕೂತು ಅದರ ಕತ್ತು ಸವರಿದ. ಒಳ್ಳೆಯವನೇ.

"ಅದರ ಪುಣ್ಯ ಕಣೆ! ಇಂಥ ಮನೆ ಮತ್ತೆ ಸಿಗುತ್ತಾ?" ಅಂದರು ಅನಸೂಯಮ್ಮನವರು.

ಯಾರೋ ಮಾಡಿದ ಗಾಯವೇ ಅದಕ್ಕೀಗ ಯೋಗ್ಯತಾಪತ್ರವಾಗಿತ್ತು. ಈ ಸಲ ಹೋದರೆ ಅರದಿ ಸಾಯುವವರೆಗೂ ಮೂಗಿಯೇ. ಮಲ್ಲಿಗಮ್ಮ ಪುಸ್ತಕ ಮುಂದಿಟ್ಟಳು. ದಿಲೀಪ್ ಯೋಚಿಸದೆ ಬರೆದ. ಮಲ್ಲಿಗಮ್ಮ ಅಕ್ಷರ ಕೂಡಿಸಿ ಓದಿದಳು: ಬೊ-ಗ-ಳಿ-ದ-ರೆ.

ಪುಸ್ತಕ ಮುಚ್ಚಿ, ಅರದಿಯನ್ನು ಪಕ್ಕಕ್ಕೆ ಎಳೆದುಕೊಂಡಳು. "ಕೊಡಾಕಿಲ್ಲ ಸಾ."

"ಮಲ್ಲಿಗಮ್ಮ! ಕೆಲಸ ಬೇಕೋ ಬೇಡ್ವೋ ನಿಂಗೆ?"

ಸೊಂಟದಿಂದ ಬೀಗದ ಕೈ ಗೊಂಚಲು ತೆಗೆದು ಮೇಜಿನ ಮೇಲೆ ಇಟ್ಟಳು. "ತಗಳಿ ಅಮ್ಮೋರೇ. ನಾಯಿ ಮಾತ್ರ ಕೊಡಾಕಿಲ್ಲ."

ನಲವತ್ತು ನಾಯಿಗಳ ಮಧ್ಯಾಹ್ನದ ಅನ್ನ ಒಲೆಯ ಮೇಲೆ ಕುದಿಯುತ್ತಿತ್ತು. ಅನಸೂಯಮ್ಮನವರು ಬೀಗದ ಕೈ ಮುಟ್ಟಲಿಲ್ಲ.

ದಿಲೀಪನಿಗೆ ಗಲಿಬಿಲಿ. "ಇಷ್ಟು ಸಾಧು ನಾಯಿ, ನಾನೂ ಪ್ರೀತಿಯಿಂದಲೇ ಸಾಕ್ತೀನಿ. ನಾನೇನು ತಪ್ಪು ಬರೆದೆ ಅಮ್ಮ?"

"ನೀವು ಒಳ್ಳೇರೇ ಸಾ. ಆದ್ರೆ ಇದು ಯಾವತ್ತು ಬೊಗಳ್ಬುಡ್ತದೋ ಅಂತ ನೀವು ಎದುರ್ಕೊಂಡು ಕೂತಿರ್ತೀರಿ. ಯಾವತ್ತು ಬೊಗಳ್ತದೋ ಅಂತ ನಾನು ಕಾಯ್ತಾ ಕೂತಿವ್ನಿ."