ಏರ್‌ಬ್ಯಾಗ್ ಲೈಟಿಗೆ ಅತ್ತೆಯ ಬೊಟ್ಟು

ಚಿನಕುರಳಿ ದಾಟಿ ಎರಡೇ ನಿಮಿಷ. ಮುಂದೆ ಹೋಗುತ್ತಿದ್ದ ಜಲ್ಲಿ ಟ್ರಾಕ್ಟರು ಇದ್ದಕ್ಕಿದ್ದಂತೆ ನಿಂತಿತು. ನಮ್ಮ ಮಾವ ಬ್ರೇಕ್ ಒತ್ತಿದರು, ಕಾರು ನಿಂತಿತು. ನಾನು ಮಾತ್ರ ನಿಲ್ಲಲಿಲ್ಲ...

ಎರಡೂ ಕೈ ಡ್ಯಾಶ್‌ಬೋರ್ಡಿಗೆ ಕೊಟ್ಟಿದ್ದರಿಂದ ಹಣೆ ಉಳಿಯಿತು. ಹಸಿರು ಬಳೆ ಎರಡು ಒಡೆದವು. ಮಡಿಲಲ್ಲಿದ್ದ ಅಕ್ಕಿ, ಬೆಲ್ಲ, ಕಾಯಿ ಎಲ್ಲ ಕಾಲ ಕೆಳಗೆ.

ಮದುವೆಯಾಗಿ ಇನ್ನೂ ಒಂದು ತಿಂಗಳಾಗಿಲ್ಲ. ದೇವಲಾಪುರದ ನಮ್ಮ ಮನೆಯಿಂದ ದಿನಕ್ಕೊಬ್ಬ ನೆಂಟರ ಮನೆಗೆ ಊಟಕ್ಕೆ ಹೋಗುವುದು, ಊಟವಾದ ಮೇಲೆ ನನಗೆ ಮಡಿಲು ತುಂಬುವುದು. ಹೊಸ ಸೊಸೆ ಅದನ್ನು ಕೆಳಗಿಡದೆ, ಮುಂದಿನ ಸೀಟಿನಲ್ಲಿ ಮನೆವರೆಗೂ ಹಿಡಿದು ಕೂರಬೇಕು. ನಿಜ ಹೇಳಬೇಕೆಂದರೆ ನನಗಿದೆಲ್ಲ ಸಿಕ್ಕಾಪಟ್ಟೆ ಇಷ್ಟ.

ಬೆಲ್ಟ್ ಹಾಕಿರಲಿಲ್ಲವಾ ಎಂದು ಕೇಳಬೇಡಿ. ಮೊದಲ ದಿನದಿಂದ ಟ್ರೈ ಮಾಡುತ್ತಿದ್ದೇನೆ. ಎಷ್ಟು ಒತ್ತಿದರೂ ಬಕಲ್‌ನಲ್ಲಿ ಕೂರುವುದೇ ಇಲ್ಲ.

ಇನ್ನು ಸ್ಪೀಡೋಮೀಟರ್ ಪಕ್ಕ ಅತ್ತೆಯ ಕೆಂಪು ಸ್ಟಿಕರ್ ಬೊಟ್ಟು ಒಂದಿತ್ತು. ಕಾರಿಗೂ ದೃಷ್ಟಿಬೊಟ್ಟು, ಸೋ ಸ್ವೀಟ್ ಎಂದುಕೊಂಡು ಫೋಟೋ ತೆಗೆದು ಸ್ಟೇಟಸ್ ಕೂಡ ಹಾಕಿದ್ದೆ.

ಬಳೆ ಚೂರು ಆರಿಸುವಾಗ ನೋಡುತ್ತೇನೆ, ಬೊಟ್ಟಿನ ಅಂಚಿನಲ್ಲಿ ಬೆಳಕು. ಕೈ ಚಾಚಿ ಉಗುರಿನಿಂದ ಎತ್ತಿದೆ... ಏರ್‌ಬ್ಯಾಗ್ ವಾರ್ನಿಂಗ್ ಲೈಟ್.

"ಅದು ಸುಮನ ಮದ್ವೇಲಿಂದ ಉರೀತಾ ಅದೆ ಕಣವ್ವ. ಕಣ್ಗೆ ಚುಚ್ತದೆ ಅಂತ ನಿಮ್ಮತ್ತೆ ಬೊಟ್ಟು ಅಂಟಿಸವ್ಳೆ," ಎಂದರು ಮಾವ, ತಣ್ಣಗೆ. ಸುಮ ನನ್ನ ನಾದಿನಿ. ಅವಳ ಮದುವೆಯಾಗಿ ನಾಲ್ಕು ವರ್ಷ.

ಹದಿನಾಲ್ಕು ವರ್ಷದ ಈ ಎಸ್‌ಯುವಿ ಮಾವನಿಗೆ ಮೂರನೇ ಮಗು ಇದ್ದ ಹಾಗೆ. ನಿನ್ನೆ ಮೊನ್ನೆ ಬಂದ ಸೊಸೆ ಅದಕ್ಕೆ ಹೆಸರಿಡುವುದು ಹೇಗೆ? ಆದರೆ ಒಡೆದ ಬಳೆ ಚೂರು ಇನ್ನೂ ನನ್ನ ಕೈಯಲ್ಲೇ ಇತ್ತು.

"ಮಾವ, ಇದು ಸರಿ ಆಗೋವರೆಗೂ ನಾನು ಈ ಕಾರಲ್ಲಿ ಕೂರಲ್ಲ. ಬಸ್ಸಲ್ಲಿ ಬರ್ತೀನಿ," ಅಂದುಬಿಟ್ಟೆ.

ಹಿಂದೆ ಕೂತಿದ್ದ ನನ್ನ ಗಂಡ (ಹೀಗೆ ಬರೆಯುವಾಗ ಇನ್ನೂ ನಗು ಬರುತ್ತದೆ) ಕಿಟಕಿಯಾಚೆಯ ಕಬ್ಬನ್ನು ಬಹಳ ಆಸಕ್ತಿಯಿಂದ ನೋಡತೊಡಗಿದ.

ಅವನ ಪಕ್ಕ ಕೂತಿದ್ದ ಅತ್ತೆಯೇ ಬಾಯಿ ಬಿಟ್ಟರು. "ಬಳೆ ಒಡ್ದೋಗವೆ, ಸುಮ್ನೆನಾ? ಪಾಂಡವಪುರದಲ್ಲಿ ನಿಲ್ಸಿ. ತೋರಿಸ್ಕಂಡೇ ಹೋಗದು."

ಅಲ್ಲಿನ ಮೆಕ್ಯಾನಿಕ್ ಮಾವನ ಹಳೆಯ ಗೆಳೆಯ. ಬ್ಯಾಟರಿ ವೈರ್ ಬಿಚ್ಚಿ, ಸ್ವಲ್ಪ ಹೊತ್ತು ಬಿಟ್ಟು, ನನ್ನ ಸೀಟಿನ ಕೆಳಗೆ ಕೈ ಹಾಕಿದರು. ಕೈಗೆ ಬಂದದ್ದು ಒಂದು ತೆಂಗಿನಕಾಯಿ... ಪೂರ್ತಿ ಒಣಗಿದೆ, ಜುಟ್ಟಿನಲ್ಲಿ ಅರಿಶಿನ ಮಾತ್ರ ಹಾಗೇ ಇದೆ.

"ನೋಡ್ಲಾ, ಈ ಕಾಯಿ ಉಳ್ಳಾಡಿ ಏರ್‌ಬ್ಯಾಗ್ ವೈರ್ ಕಿತ್ತಾಕದೆ. ಆ ಲೈಟ್ ಉರೀತಿದ್ರೆ ಬ್ಯಾಗ್ ಬಿಚ್ಕತದೆ ಅಂತ ನಂಬಂಗಿಲ್ಲ ಕಣ್ಲಾ. ನೀನು ಬೊಟ್ಟಿಟ್ಕಂಡು ಪೂಜೆ ಮಾಡ್ತಿದೀಯ," ಎಂದು ಮಾವನಿಗೆ ಬೈದರು.

ಆಮೇಲೆ ಬಕಲ್ ಬಿಚ್ಚಿದರು. ಒಳಗೆಲ್ಲ ಅಕ್ಕಿಕಾಳು.

ಈ ಮನೆತನಕ್ಕೆ ಬಂದ ಸೊಸೆಯರು, ಈ ಮನೆತನದಿಂದ ಹೋದ ಹೆಣ್ಣುಮಕ್ಕಳು, ಎಲ್ಲರೂ ಮಡಿಲು ಹಿಡಿದು ಕೂತದ್ದು ಇದೇ ಸೀಟಿನಲ್ಲಿ. ಒಬ್ಬೊಬ್ಬರ ಮಡಿಲಿನಿಂದಲೂ ನಾಲ್ಕು ನಾಲ್ಕು ಕಾಳು ಜಾರಿ ಬೆಲ್ಟಿನ ಬಾಯಿ ಮುಚ್ಚಿವೆ. ಅದನ್ನು ನೋಡಿ ಮುದ್ದೂ ಬಂತು, ಮೈ ಜುಮ್ಮೂ ಅಂದಿತು.

ಅತ್ತೆಯ ಕಣ್ಣು ಮಾತ್ರ ತೆಂಗಿನಕಾಯಿ ಬಿಟ್ಟು ಕದಲಲಿಲ್ಲ. "ಸುಮನ ಮಡ್ಲಲ್ಲಿ ಒಂದ್ ಕಾಯಿ ಕಮ್ಮಿ ಬಂದಿತ್ತು. ನಾಕು ವರ್ಸದಿಂದ ನಿಮ್ ತಂಗಿನೇ ಎತ್ಕಂಡವ್ಳೆ ಅಂತ ಅನುಮಾನ ಪಟ್ಟಿದ್ನಲ್ರೀ..."

"ಈಗ್ಲೇ ಫೋನ್ ಮಾಡಿ ಹೇಳ್ಬುಡು," ಎಂದರು ಮಾವ. ಅತ್ತೆ ಕೇಳಿಸದವರಂತೆ ಚೆಲ್ಲಿದ ಅಕ್ಕಿ ಬಳಿಯತೊಡಗಿದರು.

ಮೆಕ್ಯಾನಿಕ್ ಕಿತ್ತಿದ್ದ ವೈರ್ ಜೋಡಿಸಿ, ಬಕಲ್‌ನ ಕಾಳೆಲ್ಲ ತೆಗೆದು, ಸ್ಕ್ಯಾನರ್ ಹಾಕಿ ನೋಡಿದರು. ಲೈಟ್ ಆಫ್. ಬೆಲ್ಟನ್ನು ಜೋರಾಗಿ ಜಗ್ಗಿ ಜಗ್ಗಿ ನೋಡಿ ನನ್ನ ಕೈಗೆ ಕೊಟ್ಟರು.

ಹೊರಡುವಾಗ ಅತ್ತೆ ಮಡಿಲಿನ ಗಂಟನ್ನು ನನಗೆ ಕೊಡಲಿಲ್ಲ. ತಮ್ಮ ತೊಡೆಯ ಮೇಲೇ ಇಟ್ಟುಕೊಂಡರು. "ನೀನು ಬೆಲ್ಟ್ ಹಾಕವ್ವ. ಇದ ನಾನು ಇಡ್ಕತೀನಿ."

ಟಕ್. ಅಷ್ಟು ಚಂದದ ಸದ್ದು ನಾನು ಕೇಳಿಯೇ ಇರಲಿಲ್ಲ.

ಒಂದು ಕ್ಷಣ ಬಿಟ್ಟು, ಪಕ್ಕದಲ್ಲಿ ಇನ್ನೊಂದು ಟಕ್. ಮಾವ ಯಾರ ಮುಖವನ್ನೂ ನೋಡದೆ ಗಾಡಿ ಸ್ಟಾರ್ಟ್ ಮಾಡಿದರು.

ನಿಜ ಹೇಳಿ, ನಿಮ್ಮ ಮನೆ ಕಾರಿನಲ್ಲಿ ಯಾವ ಲೈಟಿಗೆ ಬೊಟ್ಟು ಇಟ್ಟಿದ್ದೀರಿ?