ಊದಿಕೊಂಡ ಫೈಲಿನೊಳಗಿನ ಮುಖ

ಹಳೆಯ ಛಾಯಾಚಿತ್ರಗಳನ್ನು ಕಾಪಿಡುವ ಕೆಲಸದಲ್ಲಿ ಹೆಸರಾದವರು ಹಲವರಿದ್ದಾರೆ; ಆದರೆ ಕಂಪ್ಯೂಟರಿನಲ್ಲಿ ಕೆಟ್ಟುಹೋದ ಚಿತ್ರವೊಂದರ ಎದುರು, ಕಾಯಿಲೆಯವರ ಪಕ್ಕ ಕೂತಂತೆ ತಾಳ್ಮೆಯಿಂದ ಕೂರಬಲ್ಲವರು ನಮ್ಮ ಸಂಗ್ರಹಾಲಯದಲ್ಲಿ ಅಕ್ಕ ಒಬ್ಬರೇ. ಸ್ಕ್ಯಾನಿಂಗ್ ಕೋಣೆಯ ಸಹಾಯಕಿಯಾಗಿ ಸೇರಿ, ಪೈಥಾನ್ ಎಂಬ ಕಂಪ್ಯೂಟರ್ ಭಾಷೆಯನ್ನು ತಾವಾಗಿಯೇ ಕಲಿತು, ಚಿತ್ರವಿಭಾಗದ ಮುಖ್ಯಸ್ಥೆಯಾಗಿ ಈಗ ನಿವೃತ್ತರಾಗುತ್ತಿರುವ ಅವರಿಗೆ ಕಿರಿಯರಿಟ್ಟ ಹೆಸರು ‘ಪ್ರತಿಯಕ್ಕ’. “ಮೊದಲು ಪ್ರತಿ ತೆಗಿ, ಆಮೇಲೆ ಕೈಯಿಡು” ಎಂಬುದು ಅವರ ಬಾಯಿಪಾಠ. ಹೊಸದಾಗಿ ಬರೆಯಲೆಂದು ಫೈಲನ್ನು ತೆರೆದ ಗಳಿಗೆಯಲ್ಲೇ ಅದರೊಳಗಿನ ಹಳೆಯದೆಲ್ಲ ಅಳಿದುಹೋಗುತ್ತದೆಂದು ಬಲ್ಲವರ ಎಚ್ಚರ ಅದು. “ಅಕ್ಕ ಕಾಫಿಗೂ ಪ್ರತಿ ತೆಗೆದೇ ಕುಡಿಯೋದು” ಎಂದು ಬೆನ್ನ ಹಿಂದೆ ನಕ್ಕವರೇ ಒಂದು ಮಧ್ಯಾಹ್ನ ಅದೇ ಬೆನ್ನ ಹಿಂದೆ ಉಸಿರು ಬಿಗಿಹಿಡಿದು ನಿಂತಿದ್ದರು.

ಆ ದಿನ ಬಂದವರು ತಲೆ ನರೆತ ಒಬ್ಬ ಹೆಂಗಸು. ಎಳವೆಯಲ್ಲೇ ಕಳೆದುಕೊಂಡ ತಾಯಿಯ ಒಂದೇ ಒಂದು ಫೋಟೋವನ್ನು ಅವರ ಅಣ್ಣ ಹಿಂದೆ ಇಲ್ಲಿ ಸ್ಕ್ಯಾನ್ ಮಾಡಿಸಿದ್ದರು. ಆಮೇಲೆ ಫೋಟೋ ಗೆದ್ದಲಿನ ಪಾಲಾಯಿತು. ಉಳಿದದ್ದು ನಮ್ಮಲ್ಲಿನ ಫೈಲು, ಅದು ತೆರೆಯುತ್ತಿರಲಿಲ್ಲ.

“ಅಮ್ಮನ ಮುಖ ಮರೆತೇಹೋಗಿದೆ ಕಣಮ್ಮಾ” ಎಂದರು ಆಕೆ.

“ಸತ್ತ ಫೈಲು ಅಕ್ಕ, ಬಿಟ್ಬಿಡಿ” ಎಂದು ಕಿರಿಯ ಸಹೋದ್ಯೋಗಿ ಪಿಸುಗುಟ್ಟಿದ.

“ನಾಡಿ ನೋಡ್ದೆ ಸಾವು ಸಾರಬೇಡ್ವೋ.” ಅಕ್ಕ ಪ್ರತಿ ತೆಗೆದರು, ಫೈಲಿನ ಗಾತ್ರ ನೋಡಿ ಹುಬ್ಬೇರಿಸಿದರು. “ಒಳಗಿಂದು ಕಳೆದುಹೋಗಿದ್ರೆ ಹಗುರಾಗ್ಬೇಕಿತ್ತು. ಇದು ಊದಿಕೊಂಡಿದೆಯಲ್ಲ!”

ಚಿತ್ರವೆಂದರೆ ಒಳಗೆ ಬರೀ ಬೈಟುಗಳೆಂಬ ಅಂಕಿಗಳ ಸಾಲು. ಅದನ್ನು ಇದ್ದಂತೆಯೇ ಇಳಿಸಬೇಕಾದರೆ ಫೈಲನ್ನು ತೆರೆಯುವಾಗ, ಬರೆಯಲೆಂಬ ‘ಡಬ್ಲ್ಯೂ’ ಜೊತೆಗೆ, ಇದು ಅಕ್ಷರವಲ್ಲ ಬೈಟು ಎಂದು ಹೇಳುವ ಬೈನರಿಯ ‘ಬಿ’ ಸೇರಿಸಬೇಕು. ಯಾರೋ ಆ ‘ಬಿ’ ಬಿಟ್ಟಿದ್ದರು. ಪೈಥಾನ್ ತಕರಾರು ತೆಗೆದಾಗ ಅದರ ಬಾಯಿ ಮುಚ್ಚಿಸಲು ಬೈಟುಗಳನ್ನೆಲ್ಲ ಅಕ್ಷರಗಳಾಗಿಸಿ ಬರೆದುಬಿಟ್ಟಿದ್ದರು, ಪೆಟ್ಟಿಗೆಯಲ್ಲಿ ಒಡವೆಯಿಡುವ ಬದಲು ಒಡವೆಯ ವರ್ಣನೆ ಬರೆದಿಟ್ಟಂತೆ. ಒಂದೊಂದು ಬೈಟಿಗೆ ಹಲವು ಅಕ್ಷರ ಹಿಡಿದದ್ದರಿಂದಲೇ ಫೈಲು ಊದಿಕೊಂಡಿತ್ತು. ಯಾರೆಂದು ಅಕ್ಕ ಕೇಳಲಿಲ್ಲ. ಅವರ ಮನಸ್ಸು ಬೇರೆಲ್ಲೋ ಓಡುತ್ತಿತ್ತು: ವರ್ಣನೆಯಲ್ಲಿ ಒಂದು ಬೈಟೂ ಬಿಟ್ಟುಹೋಗಿಲ್ಲವಾದರೆ, ಅದರಿಂದಲೇ ಒಡವೆಯನ್ನು ಮತ್ತೆ ಕಟ್ಟಬಹುದಲ್ಲವೇ? ಆದರೆ ಆಸೆ ಹುಟ್ಟಿಸಿ ಕೈಬಿಟ್ಟರೆ, ಪಕ್ಕದಲ್ಲಿ ಕೂತ ಈ ಜೀವ ತಾಯಿಯನ್ನು ಇನ್ನೊಮ್ಮೆ ಕಳೆದುಕೊಂಡಂತೆ. ಅವರು ಆಕೆಯ ಕುರ್ಚಿಯನ್ನು ಹತ್ತಿರಕ್ಕೆಳೆದುಕೊಂಡರು. ಅಕ್ಷರಗಳನ್ನು ಬೈಟುಗಳಿಗೆ ಮರಳಿಸಿ, ಹೊಸ ಹೆಸರಿನ ಫೈಲಿಗೆ, ಈ ಸಲ ‘ಬಿ’ ಮರೆಯದೆ ಇಳಿಸಿದರು.

ಪರದೆಯ ಮೇಲೆ ಮುಖವೊಂದು ಮೂಡಿತು. ಮೂಗಿನ ಪಕ್ಕ ಮಚ್ಚೆ, ಹಣೆಗೆ ಜಾರಿದ ಕೂದಲೆಳೆ, ನಗು ತಡೆದ ತುಟಿ.

“ಅಯ್ಯೋ, ಎಷ್ಟು ಚಿಕ್ಕೋಳು! ನನ್ನ ಮಗಳ ವಯಸ್ಸೂ ಇಲ್ವಲ್ಲ ಇವಳಿಗೆ” ಎಂದು ಆಕೆ, ಮಗುವಿನ ಕೆನ್ನೆ ಮುಟ್ಟುವಂತೆ ಪರದೆಯನ್ನು ಸವರಿದರು. ಅಕ್ಕ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸುತ್ತಲೇ ಇದ್ದರು. ಅಕ್ಷರಗಳ ಆ ಗೊಂಡಾರಣ್ಯದಿಂದ ತಾಯಿಯೊಬ್ಬಳು ನಡೆದು ಬಂದದ್ದನ್ನು ನಾವೆಲ್ಲ ಕಣ್ಣಾರೆ ಕಂಡೆವು.

ಅಕ್ಕನ ಕಣ್ಣುಗಳಲ್ಲಿ ಬೆಳಕು, ಬೆರಳುಗಳಲ್ಲಿ ಕಸುವು ಬಹುಕಾಲ ಇರಲಿ. ಸತ್ತವೆಂದು ನಾವು ಪಕ್ಕಕ್ಕಿಟ್ಟ ಫೈಲುಗಳನ್ನೆಲ್ಲ ಇನ್ನು ಅವರ ಮನೆಗೇ ಕಳಿಸುತ್ತೇವೆ. ಪ್ರತಿ ತೆಗೆದ ಮೇಲೆಯೇ.