ಮೇಲಿನ ರೂಮಿಗಾಗಿ ಕಲ್ಲು ಎಳೆದದ್ದು

ಹೆಬ್ಬಗೋಡಿಯಲ್ಲಿ ನಮ್ಮ ರಾಗಿ ಹೊಲ ಇದ್ದ ಜಾಗದಲ್ಲೇ ಮನೆ ಕಟ್ಟಿದ್ದೇವೆ. ಕೆಳಗೆ ಮಗ ಸೊಸೆ, ನಡುವೆ ಬಾಡಿಗೆಯವರು, ಮೇಲೆ ನಾನು. ಮೊಣಕಾಲು ಹಿಡಿದುಕೊಂಡ ಮೇಲೆ ಮೆಟ್ಟಿಲಲ್ಲಿ ಮೂರು ಸಲ ಕೂತು ಹತ್ತುತ್ತಿದ್ದೆ. ಅದನ್ನು ನೋಡಿ ಸೊಸೆ, ಕೆಳಗೆ ನೀರಿನ ಮೋಟಾರಿನ ಪಕ್ಕದ ರೂಮಿಗೆ ಬಂದುಬಿಡಿ ಅಂದಳು. ಅವಳ ಮಾತು ತಪ್ಪಲ್ಲ. ಆದರೆ ಆ ರೂಮಿನಲ್ಲಿ ಹಗಲೂ ದೀಪ ಹಾಕಬೇಕು, ಮೋಟಾರು ಹಾಕಿದರೆ ಮಂಚವೂ ನಡುಗುತ್ತದೆ. ಗೌರಿ ಹಬ್ಬದೊಳಗೆ ಎಲ್ಲೂ ಕೂರದೆ ಹತ್ತಿ ತೋರಿಸಿದರೆ ಮೇಲೇ ಇರಬಹುದು ಎಂದು ಮಾತಾಯಿತು.

ಮೊಮ್ಮಗಳು ಒಂದು ಜಿಮ್ಮಿನಲ್ಲಿ ಕಸರತ್ತು ಹೇಳಿಕೊಡುತ್ತಾಳೆ. ಅಲ್ಲಿ ಚಕ್ರವಿಲ್ಲದ ಕಬ್ಬಿಣದ ಬಂಡಿಗೆ ತೂಕ ಹೇರಿ, ಸೊಂಟಕ್ಕೆ ಪಟ್ಟಿ ಕಟ್ಟಿಕೊಂಡು ಎಳೆಯುತ್ತಾರೆ. ತೊಡೆ ಗಟ್ಟಿಯಾದರೆ ಮೊಣಕಾಲಿಗೆ ಕಷ್ಟ ಕಡಿಮೆಯಂತೆ. ಕಂಪ್ಯೂಟರಿನವರು ದುಡ್ಡು ಕೊಟ್ಟು ಎತ್ತಿನ ಕೆಲಸ ಮಾಡುವುದನ್ನು ಅವಳ ಫೋನಿನಲ್ಲಿ ನೋಡಿದೆ. ನಾನು ಬಿಟ್ಟಿಯಾಗಿ ಮಾಡುತ್ತೇನೆ ಅಂದೆ. ಡಾಕ್ಟರನ್ನು ಕೇಳಿಕೊಂಡು ಬಂದು ಅವಳು ಹಳೆಯ ಟೈರಿಗೆ ಹಗ್ಗ ಕಟ್ಟಿದಳು. ಮೊದಲು ಬರೀ ಟೈರು. ಆಮೇಲೆ ಅದರೊಳಗೆ ಏನಾದರೂ ಭಾರ ಇಡು ಅಂದಳು. ಅಡುಗೆಮನೆ ಮೂಲೆಯಲ್ಲಿ ಸುಮ್ಮನೆ ಬಿದ್ದಿದ್ದ ರಾಗಿ ಬೀಸುವ ಕಲ್ಲು ಇಡಿಸಿಕೊಂಡು, ಬೆಳಿಗ್ಗೆ ಬೀದಿಯ ಕೊನೆಯವರೆಗೆ ಎಳೆದೆ.

ಅಲ್ಲೇ ತಪ್ಪಾದದ್ದು. ನಮ್ಮವರಲ್ಲಿ ಬೀಸುಕಲ್ಲು ಹೊಸಿಲು ದಾಟುವುದು ಮನೆ ಪಾಲಾದಾಗ ಮಾತ್ರ. ತಿಂಡಿ ಹೊತ್ತಿಗೆ ಹಿಂದಿನ ಬೀದಿಯ ಮೈದುನ ಇಸ್ತ್ರಿ ಪಂಚೆ ಉಟ್ಟು, ಊರಿನ ಇಬ್ಬರು ಹಿರಿಯರನ್ನು ಕರೆದುಕೊಂಡು ಬಂದ.

"ಅತ್ತಿಗೆ, ಪಾಲಾಗೋದಾದ್ರೆ ನಂಗೊಂದು ಮಾತು ಏಳ್ಬಾರ್ದಿತ್ತಾ? ನಾನಿನ್ನೂ ಸತ್ತಿಲ್ಲ."

"ಕಾಲು ಗಟ್ಟಿಯಾಗ್ಲಿ ಅಂತ ಎಳೀತಿದೀನಿ ಕಣಪ್ಪ."

"ಕಾಲು ನೋಯೋರು ಕಲ್ಲು ಎಳೀತಾರಾ? ಯಾರತ್ರ ಏಳ್ತಿದ್ದೀಯ?"

ನೀನೇ ಎಳೆದು ನೋಡು ಅಂತ ಹಗ್ಗವನ್ನು ಅವನ ಸೊಂಟಕ್ಕೇ ಕಟ್ಟಿದೆ. ನಾಲ್ಕು ಹೆಜ್ಜೆಗೆ ಪಂಚೆ ಸಡಿಲವಾಗಿ, ಎರಡು ಕೈಯಲ್ಲೂ ಅದನ್ನೇ ಹಿಡಿದು ನಿಂತ. ಹಿರಿಯರು ಕಾಫಿ ಕುಡಿದು, ಪಾಲಿಲ್ಲವೆಂದು ಸ್ವಲ್ಪ ಬೇಸರದಿಂದಲೇ ಎದ್ದು ಹೋದರು. ಸೊಸೆ ಮುಖ ಊದಿಸಿಕೊಂಡಳು. ಅತ್ತೆಯನ್ನು ಎತ್ತಿನ ಹಾಗೆ ದುಡಿಸುತ್ತಾಳೆ ಎಂದು ಬೀದಿಯಲ್ಲಿ ಆಗಲೇ ಸುದ್ದಿಯಾಗಿತ್ತು. ಅಂದಿನಿಂದ ಗೇಟು ಹಾಕಿಕೊಂಡು ಒಳಗೇ ಎಳೆದೆ.

ಹಬ್ಬದ ಹಿಂದಿನ ದಿನ ಹತ್ತಿದೆ. ಸೊಸೆ ಬೆನ್ನ ಹಿಂದೆಯೇ ಬಂದಳು. ನಾನು ಬಿದ್ದೇನು ಅಂತಲೋ, ಕದ್ದು ಕೂತೇನು ಅಂತಲೋ ಗೊತ್ತಿಲ್ಲ. ಒಂದು ಕಡೆ ಗೋಡೆ ಹಿಡಿದು ನಿಂತೆ. ನಿಲ್ಲಬಾರದು ಅಂತ ಮಾತಾಗಿರಲಿಲ್ಲ. ಮೇಲೆ ಹೋಗಿ ನನ್ನ ಮಂಚದ ಮೇಲೆ ಕೂತೆ.

"ಆಯ್ತು, ಇಲ್ಲೇ ಇರಿ" ಅಂದಳು.

ಇಳಿಯುವ ವಿಷಯ ಯಾರೂ ಯೋಚಿಸಿರಲಿಲ್ಲ. ಇಳಿಯುವಾಗ ನಾನು ಮೊದಲಿನಿಂದಲೂ ಮೆಟ್ಟಿಲ ಮೇಲೆ ಕೂತು ಜರುಗಿಯೇ ಬರುತ್ತಿದ್ದೆ. ಗೆದ್ದ ದಿನವೂ ಹಾಗೆ ಜರುಗಿಕೊಂಡು ಬಂದರೆ ಮರ್ಯಾದೆ ಎಲ್ಲಿ ಉಳಿಯುತ್ತದೆ? ಮೇಲೇ ಇದ್ದುಬಿಟ್ಟೆ. ಹಬ್ಬದ ಕಡುಬನ್ನೂ ಸೊಸೆ ಗೊಣಗಿಕೊಂಡು ಮೇಲಕ್ಕೇ ತಂದಳು. ಇಳಿಯಲು ಕಾಲು ಗಟ್ಟಿಯಾಗಬೇಕಾದರೆ ಹಿಂದೆ ಹಿಂದೆ ನಡೆಯುತ್ತಾ ಎಳೆಯಬೇಕು ಎಂದು ಮೊಮ್ಮಗಳು ಆಗ ಹೇಳಿದಳು.

ಮಾರನೇ ದಿನ ಸೊಸೆ ಟೈರನ್ನು ಹೊತ್ತು ತಂದು ನನ್ನ ರೂಮಿನ ಮುಂದಿನ ತಾರಸಿಯಲ್ಲಿ ಹಾಕಿದಳು. ಕಲ್ಲೆಲ್ಲಿ ಅಂತ ಕೇಳಿದೆ.

"ಅದನ್ನ ನಾನು ಹೊರಲ್ಲ ಅತ್ತೆ. ಬೇಕಾದ್ರೆ ನೀವೇ ಇಳ್ದು ತಗೊಂಬನ್ನಿ."